ಹಳೇಬೀಡನ್ನು ನಡೆದೇ ನೋಡಿ: ಒಂದು ಪೂರ್ತಿ ದಿನದ ಸಮಗ್ರ ಮಾರ್ಗದರ್ಶಿ

ಹಳೇಬೀಡಿಗೆ ಬರುವ ಹೆಚ್ಚಿನವರು ನೋಡುವುದು ಒಂದೇ ದೇವಸ್ಥಾನ, ಹೊಯ್ಸಳೇಶ್ವರ. ಬೆಂಗಳೂರಿನಿಂದ ಹೊರಟ ಟೂರ್ ಬಸ್ಸು ಶ್ರವಣಬೆಳಗೊಳ, ಬೇಲೂರು ಮುಗಿಸಿಕೊಂಡು ಇಲ್ಲಿ ಬಂದು ನಿಲ್ಲುತ್ತದೆ. 'ಒಂದೇ ಗಂಟೆ, ಬೇಗ ಬಂದ್ಬಿಡಿ' ಅಂತ ಡ್ರೈವರ್ ಕೂಗುತ್ತಾರೆ. ಜನ ಓಡಿಹೋಗಿ ನಂದಿ ಮುಂದೆ ಫೋಟೊ ತೆಗೆಸಿಕೊಂಡು, ಚುರುಮುರಿ ತಿಂದು ಬಸ್ಸು ಹತ್ತುತ್ತಾರೆ.

ಆದರೆ ಇದು ಬರೀ ದೇವಸ್ಥಾನ ಅಲ್ಲ. ಇದು ದೋರಸಮುದ್ರ, ಹೊಯ್ಸಳರ ರಾಜಧಾನಿ. ಕೆರೆ, ಕೋಟೆ, ಅರಮನೆ, ಪೇಟೆ, ಬಸದಿ, ಕಲ್ಯಾಣಿ ಎಲ್ಲ ಇದ್ದ ಊರು. ಅದರ ತುಂಡುಗಳು ಇವತ್ತಿಗೂ ಎರಡು ಮೂರು ಕಿಲೋಮೀಟರ್ ಒಳಗೇ ಹರಡಿಕೊಂಡಿವೆ. ಅವನ್ನು ಜೋಡಿಸಿ ಒಂದು ಊರಾಗಿ ನೋಡಬೇಕಾದರೆ ನಡೆಯುವುದೊಂದೇ ದಾರಿ. ರಜೆಯಲ್ಲಿ ಒಂದು ಪೂರ್ತಿ ದಿನ ಎತ್ತಿಡಿ. ಮುಂಜಾನೆಯಿಂದ ಸಂಜೆವರೆಗೆ ಯಾವುದಾದ ಮೇಲೆ ಯಾವುದು ಅಂತ ಕೆಳಗೆ ಬರೆದಿದ್ದೇನೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಈ ಇಡೀ ಯೋಜನೆ ನಿಂತಿರುವುದು ಬಿಸಿಲಿನ ಮೇಲೆ. ಹೊಯ್ಸಳೇಶ್ವರ ದೇವಸ್ಥಾನದ ಮುಖ ಪೂರ್ವಕ್ಕೆ. ಅತಿ ಚೆನ್ನಾಗಿರುವ ಶಿಲ್ಪಗಳು ಇರುವುದು ಹಿಂದುಗಡೆ, ಪಶ್ಚಿಮದ ಗೋಡೆಯಲ್ಲಿ. ಬೆಳಗ್ಗೆ ಆ ಗೋಡೆ ನೆರಳಲ್ಲಿರುತ್ತದೆ. ಹಾಗಾಗಿ ಬೆಳಗ್ಗೆ ಪೂರ್ವದ ಕಡೆ, ನಡುವೆ ಬಸದಿ ಮತ್ತು ಊರು, ಸಂಜೆ ವಾಪಸ್ ಬಂದು ಪಶ್ಚಿಮದ ಗೋಡೆ. ಇಷ್ಟು ನೆನಪಿಟ್ಟುಕೊಂಡರೆ ಮಿಕ್ಕಿದ್ದನ್ನು ನೀವೇ ಹೊಂದಿಸಿಕೊಳ್ಳಬಹುದು.

ಹೊರಡುವ ಮುಂಚೆ

ಹಾಸನದಿಂದ ಹಳೇಬೀಡು ಸುಮಾರು 31 ಕಿ.ಮೀ. ಬೇಲೂರಿನಿಂದ 16 ಕಿ.ಮೀ. ಎರಡೂ ಕಡೆಯಿಂದ ಕೆಎಸ್‌ಆರ್‌ಟಿಸಿ ಬಸ್ಸುಗಳಿವೆ. ಬಸ್ ಸ್ಟ್ಯಾಂಡಿನಿಂದ ದೇವಸ್ಥಾನ ಕೂಗಳತೆ ದೂರ. ಹೆಂಗಸರಿಗೆ ಶಕ್ತಿ ಯೋಜನೆಯಲ್ಲಿ ಸಾಮಾನ್ಯ ಬಸ್ಸಿಗೆ ಟಿಕೆಟ್ ಇಲ್ಲ, ಆಧಾರ್ ಕಾರ್ಡ್ ಮರೆಯಬೇಡಿ. ಬೆಂಗಳೂರಿನಿಂದ ರೈಲಲ್ಲಿ ಬರುವವರು ಹಾಸನದಲ್ಲಿ ಇಳಿದು ಬಸ್ಸು ಹಿಡಿಯಬಹುದು.

ಉಳಿಯುವುದು ಎಲ್ಲಿ? ಹಾಸನದಲ್ಲಿ ಉಳಿದರೆ ಎಲ್ಲ ದರದ ಲಾಡ್ಜ್ ಸಿಗುತ್ತದೆ. ಆದರೆ ಹಳೇಬೀಡಿನಲ್ಲೇ ರಾತ್ರಿ ತಂಗುವುದು ನನಗೆ ಇಷ್ಟ. ದೇವಸ್ಥಾನದ ಎದುರಿಗೇ ಪ್ರವಾಸೋದ್ಯಮ ನಿಗಮದ ಮಯೂರ ಶಾಂತಲ ಇದೆ. ಅಲ್ಲಿದ್ದರೆ ಬೆಳಗ್ಗೆ ಟೂರ್ ಬಸ್ಸುಗಳು ಬರುವ ಹೊತ್ತಿಗೆ ನಿಮ್ಮ ಅರ್ಧ ಕೆಲಸ ಮುಗಿದಿರುತ್ತದೆ. ವಾರಾಂತ್ಯಕ್ಕೆ ಮುಂಚೆಯೇ ಬುಕ್ ಮಾಡಿ.

ಅಕ್ಟೋಬರ್‌ನಿಂದ ಫೆಬ್ರವರಿ ನಡೆಯಲು ಒಳ್ಳೆಯ ಕಾಲ. ಹಾಸನವನ್ನು ಬಡವರ ಊಟಿ ಅಂತ ಕರೆಯುತ್ತಾರೆ ನಿಜ, ಆದರೆ ಏಪ್ರಿಲ್ ಮಧ್ಯಾಹ್ನ ಬರಿಗಾಲಲ್ಲಿ ಆ ಕಲ್ಲಿನ ಜಗತಿ (ದೇವಸ್ಥಾನ ನಿಂತಿರುವ ಎತ್ತರದ ಕಟ್ಟೆ) ಮೇಲೆ ನಿಂತವರು ಆ ಮಾತು ಹೇಳುವುದಿಲ್ಲ. ಮಳೆಗಾಲದಲ್ಲಿ ಕಲ್ಲು ತೊಯ್ದು ಕಪ್ಪಾಗಿ ಬಹಳ ಚೆಂದ ಕಾಣುತ್ತದೆ, ಆದರೆ ಕಲ್ಯಾಣಿ ಮೆಟ್ಟಿಲು ಜಾರುತ್ತದೆ. ಶುಕ್ರವಾರ ಬೇಡ, ಮ್ಯೂಸಿಯಂಗೆ ರಜೆ.

ಚೀಲದಲ್ಲಿ ಇರಬೇಕಾದ್ದು: ನೀರು, ಟೋಪಿ, ಒಂದು ಜೊತೆ ಹಳೇ ಕಾಲುಚೀಲ, ಒಂದು ಚಿಕ್ಕ ಟಾರ್ಚು. ಕಾಲುಚೀಲ ಯಾಕೆ ಅಂದರೆ, ಚಪ್ಪಲಿ ಬಿಟ್ಟೇ ಜಗತಿ ಹತ್ತಬೇಕು, 11 ಗಂಟೆ ಮೇಲೆ ಕಲ್ಲು ಕಾದ ಕಾವಲಿ. ಬೇಗ ಹಾಕಿ ಬಿಚ್ಚುವಂಥ ಚಪ್ಪಲಿ ಇರಲಿ, ದಿನಕ್ಕೆ ನಾಲ್ಕೈದು ಸಲ ಬಿಡಬೇಕಾಗುತ್ತದೆ. ಲೇಸ್ ಇರುವ ಶೂ ಹಾಕಿಕೊಂಡು ಬಂದವರ ಗೋಳು ನೋಡುವ ಹಾಗಿರುವುದಿಲ್ಲ. ಟಾರ್ಚು ಒಳಗಡೆ ಛಾವಣಿ ನೋಡಲು. ಮೊಬೈಲ್ ಟಾರ್ಚು ಸಾಕು ಅನ್ನಿಸಬಹುದು, ಆದರೆ ಮಧ್ಯಾಹ್ನದ ಹೊತ್ತಿಗೆ ಫೋನಿನ ಚಾರ್ಜು ಮುಗಿದಿರುತ್ತದೆ.

ಹೆಜ್ಜೆ 1: ಬೆಳಗ್ಗೆ 8ರೊಳಗೆ ಹೊಯ್ಸಳೇಶ್ವರ, ಆದರೆ ಗೋಡೆ ನೋಡಲು ಅಲ್ಲ

ಬಸ್ ಸ್ಟ್ಯಾಂಡ್ ಹತ್ತಿರ ಇಡ್ಲಿ ವಡೆಯೋ, ಚೌಚೌ ಬಾತೋ ತಿಂದುಕೊಳ್ಳಿ. ದೇವಸ್ಥಾನಕ್ಕೆ ಪ್ರವೇಶ ಟಿಕೆಟ್ ಇಲ್ಲ. ಗೇಟಿನ ಹತ್ತಿರ ಗುರುತಿನ ಚೀಟಿ ಇರುವ ಗೈಡುಗಳು ಸಿಗುತ್ತಾರೆ. ಮೊದಲ ಸಲ ಬರುವವರು ಒಬ್ಬರನ್ನು ಕರೆದುಕೊಳ್ಳುವುದೇ ಒಳ್ಳೆಯದು. ಕನ್ನಡದಲ್ಲೇ ಹೇಳಿ ಅಂತ ಕೇಳಿ. 'ಅಣ್ಣ, ಅರ್ಜೆಂಟಿಲ್ಲ, ನಿಧಾನವಾಗಿ ತೋರಿಸಿ' ಅಂದರೆ ಅವರೂ ಕಂಠಪಾಠ ಬಿಟ್ಟು ಮಾತಿಗಿಳಿಯುತ್ತಾರೆ. ದುಡ್ಡು ಎಷ್ಟು ಅಂತ ಮೊದಲೇ ಮಾತಾಡಿಕೊಳ್ಳಿ.

ಈಗ ಎಲ್ಲರೂ ಒಳಗೆ ಹೋಗುವುದು ಉತ್ತರದ ಬಾಗಿಲಿನಿಂದ, ಗಾಡಿ ನಿಲ್ಲಿಸುವ ಜಾಗಕ್ಕೆ ಅದು ಹತ್ತಿರ. ನೀವು ಸ್ವಲ್ಪ ತಡೆಯಿರಿ. ಹುಲ್ಲಿನ ಮೇಲೆ ದೂರ ನಿಂತು ಇಡೀ ದೇವಸ್ಥಾನವನ್ನು ಒಮ್ಮೆ ನೋಡಿ. ಅಗಲವಾಗಿದೆ, ಮೋಟಾಗಿದೆ, ಮೇಲೆ ಗೋಪುರ ಇಲ್ಲ. ಇದು ಜೋಡಿ ದೇವಸ್ಥಾನ. ದಕ್ಷಿಣದ್ದು ಹೊಯ್ಸಳೇಶ್ವರ, ಉತ್ತರದ್ದು ಶಾಂತಲೇಶ್ವರ, ನಡುವೆ ಒಂದೇ ಮಂಟಪ. ವಿಷ್ಣುವರ್ಧನನ ಕಾಲದಲ್ಲಿ, 1121ರ ಆಸುಪಾಸಿನಲ್ಲಿ, ಕೇತಮಲ್ಲ ಎಂಬ ಅಧಿಕಾರಿ ಕಟ್ಟಿಸಲು ಶುರು ಮಾಡಿದ. ಕೆಲಸ ತಲೆಮಾರುಗಟ್ಟಲೆ ನಡೆಯಿತು. 2023ರಲ್ಲಿ ಬೇಲೂರು, ಸೋಮನಾಥಪುರದ ಜೊತೆ ಇದೂ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು.

ಜಗತಿ ಹತ್ತಿ ಪ್ರದಕ್ಷಿಣೆ ಹಾಕಿದಂತೆ ಪೂರ್ವದ ಕಡೆ ಬನ್ನಿ. ಎದುರು ಬಿಸಿಲಿನಲ್ಲಿ ಎರಡು ನಂದಿ ಮಂಟಪ. ಎಲ್ಲರೂ ನಂದಿಯ ಮುಖ ನೋಡಿ ವಾಪಸ್ ಬರುತ್ತಾರೆ. ನೀವು ದಕ್ಷಿಣದ ನಂದಿಯ ಬೆನ್ನ ಹಿಂದೆ ಹೋಗಿ. ಅಲ್ಲೊಂದು ಪುಟ್ಟ ಗುಡಿ, ಒಳಗೆ 7 ಅಡಿ ಎತ್ತರದ ಸೂರ್ಯ. ಇಷ್ಟು ಹತ್ತಿರ ಬಂದೂ ಇದನ್ನು ನೋಡದೆ ಹೋಗುವವರು ಜಾಸ್ತಿ. ಅದರ ಆಚೆ ಕೆರೆ. ಊರಿಗೆ ದೋರಸಮುದ್ರ ಅನ್ನುವ ಹೆಸರು ಕೊಟ್ಟಿದ್ದೇ ಈ ಕೆರೆ. ರಾಜಧಾನಿ ಬೆಳೆದದ್ದು ಈ ನೀರನ್ನು ನಂಬಿಕೊಂಡು. ಹಳೇ ಊರಿನ ನಕ್ಷೆ ತಲೆಯಲ್ಲಿ ಬರೆದುಕೊಳ್ಳುವುದಾದರೆ ಇಲ್ಲಿಂದ ಶುರು ಮಾಡಿ: ಪೂರ್ವಕ್ಕೆ ಕೆರೆ, ನಡುವೆ ದೇವಸ್ಥಾನ, ನೈಋತ್ಯದ ಕಡೆ ಅರಮನೆ ಇದ್ದ ಬಯಲು, ದಕ್ಷಿಣಕ್ಕೆ ಬಸದಿಗಳು.

ಈಗ ಒಳಗೆ. ಕಣ್ಣು ಕತ್ತಲೆಗೆ ಹೊಂದಿಕೊಳ್ಳಲು ಒಂದೆರಡು ನಿಮಿಷ ಸುಮ್ನೆ ನಿಲ್ಲಿ. ಕಂಬಗಳು ಲೇತಿಗೆ ಹಾಕಿ ಕಡೆದಂತಿವೆ. ಬೆರಳು ಅಡ್ಡ ಇಟ್ಟಷ್ಟೂ ಅಗಲವಿಲ್ಲದ ಸಣ್ಣ ಬಳೆಗಳು ಒಂದರ ಮೇಲೊಂದು ಸುತ್ತಿದಂತೆ ಕಾಣುತ್ತವೆ. ಇದೆಲ್ಲ ಬಳಪದ ಕಲ್ಲು. ಗಣಿಯಿಂದ ತೆಗೆದಾಗ ಮೆತ್ತಗಿದ್ದು, ಗಾಳಿಗೆ ಬಿಟ್ಟ ಮೇಲೆ ಗಟ್ಟಿಯಾಗುವ ಜಾತಿ. ಅದಕ್ಕೇ ಇಷ್ಟು ಸಣ್ಣ ಕೆಲಸ ಸಾಧ್ಯವಾಯಿತು. ಮುಟ್ಟಬೇಡಿ ಅಂತ ಬೋರ್ಡ್ ಇದೆ, ಮುಟ್ಟಬೇಡಿ. ಕೈಯ ಎಣ್ಣೆ ತಾಗಿ ತಾಗಿ ಕೆಲವು ಕಂಬಗಳು ಆಗಲೇ ಬೇರೆ ಬಣ್ಣಕ್ಕೆ ತಿರುಗಿವೆ.

ಹೆಜ್ಜೆ 2: ದಕ್ಷಿಣದ ಬಾಗಿಲು ಮತ್ತು ಗರುಡ ಕಂಬ

ಒಳಗಿನಿಂದ ದಕ್ಷಿಣದ ಬಾಗಿಲಿಗೆ ಬನ್ನಿ. ಅರಮನೆ ಇದ್ದದ್ದು ಈ ಕಡೆಗೆ, ರಾಜ ಬರುತ್ತಿದ್ದದ್ದು ಈ ಬಾಗಿಲಿನಿಂದ ಅನ್ನುತ್ತಾರೆ. ಅದಕ್ಕೆ ತಕ್ಕ ಹಾಗೆ ದ್ವಾರಪಾಲಕರ ಮೈತುಂಬ ಒಡವೆ. ಮಂಡಿಯಿಂದ ಕತ್ತಿನವರೆಗೆ ಖಾಲಿ ಜಾಗ ಸಿಗುವುದೇ ಕಷ್ಟ. ಬಾಗಿಲ ಮೇಲೆ ತಲೆ ಎತ್ತಿ ನೋಡಿದರೆ ಕುಣಿಯುತ್ತಿರುವ ಶಿವ, ಸುತ್ತ ವಾದ್ಯದವರು.

ಇಲ್ಲಿಂದ ಹೊರಗೆ ಇಳಿದು ಗರುಡ ಕಂಬ ಹುಡುಕಿ. ಬರೀ ಕಂಬ ಅಂತ ದಾಟಿಹೋಗುವವರೇ ಹೆಚ್ಚು. ನನ್ನ ಕೇಳಿದರೆ ಇಡೀ ಹಳೇಬೀಡಿನಲ್ಲಿ ನಿಂತು ಓದಬೇಕಾದ ಕಲ್ಲು ಇದೇ.

ಹೊಯ್ಸಳರ ಕಾಲದಲ್ಲಿ ಗರುಡರು ಅಂತ ಒಂದು ಪಡೆ ಇತ್ತು. ರಾಜನ ಮೈಗಾವಲು ಅವರ ಕೆಲಸ. ರಾಜ ತೀರಿಕೊಂಡರೆ ತಾವೂ ಬದುಕಿರುವುದಿಲ್ಲ ಅಂತ ಅವರು ಪ್ರತಿಜ್ಞೆ ಮಾಡಿರುತ್ತಿದ್ದರು. ಇಮ್ಮಡಿ ವೀರಬಲ್ಲಾಳನ ಗರುಡ ಕುವರ ಲಕ್ಷ್ಮ. ರಾಜ ತೀರಿಕೊಂಡಾಗ ಕುವರ ಲಕ್ಷ್ಮ, ಅವನ ಹೆಂಡತಿ, ಜೊತೆಗಾರರು ಪ್ರಾಣ ಕೊಟ್ಟರು. ಆ ನೆನಪಿಗೆ ಈ ಕಂಬ. ಹತ್ತಿರ ಹೋಗಿ ಕಂಬದ ಸುತ್ತ ನೋಡಿ, ಕತ್ತಿ ಹಿಡಿದು ತಮ್ಮ ತಲೆಯನ್ನು ತಾವೇ ಕತ್ತರಿಸಿಕೊಳ್ಳುತ್ತಿರುವ ವೀರರು ಕಾಣುತ್ತಾರೆ. ಕೆಳಗೆ ಹಳಗನ್ನಡದ ಶಾಸನ. ಅದು ಕೊನೆವರೆಗೆ ಇಲ್ಲ, ಮಧ್ಯದಲ್ಲೇ ನಿಂತುಹೋಗಿದೆ. ಮಕ್ಕಳ ಜೊತೆ ಬಂದಿದ್ದರೆ ಎಷ್ಟು ಹೇಳಬೇಕು ಅನ್ನುವುದು ನಿಮಗೆ ಬಿಟ್ಟದ್ದು.

ಮ್ಯೂಸಿಯಂ ಇದೇ ಆವರಣದಲ್ಲಿದೆ. ಚಿಕ್ಕದು. ಊರಿನ ಸುತ್ತಮುತ್ತ ಬಿದ್ದು ಸಿಕ್ಕ ವಿಗ್ರಹಗಳನ್ನು ತಂದು ಇಟ್ಟಿದ್ದಾರೆ, ಕೆಲವನ್ನು ಹೊರಗೆ ಬಯಲಲ್ಲೇ ಸಾಲಾಗಿ ನಿಲ್ಲಿಸಿದ್ದಾರೆ. ಗೋಡೆಯ ಮೇಲೆ ಎತ್ತರದಲ್ಲಿ ಇರುವುದನ್ನು ಇಲ್ಲಿ ಕಣ್ಣಿನ ಮಟ್ಟಕ್ಕೆ ನೋಡಬಹುದು. ಅರ್ಧ ಗಂಟೆ ಸಾಕು.

ಹೊರಡುವ ಮುಂಚೆ ಶೌಚಾಲಯ ಇಲ್ಲೇ ಮುಗಿಸಿಕೊಳ್ಳಿ. ಮುಂದಿನ ದಾರಿಯಲ್ಲಿ ನಂಬಿಕೊಂಡು ಹೋಗಬೇಡಿ.

ಹೆಜ್ಜೆ 3: ನಡೆದು ಬಸದಿಹಳ್ಳಿಗೆ

ದೇವಸ್ಥಾನದಿಂದ ದಕ್ಷಿಣಕ್ಕೆ ಅರ್ಧ ಕಿಲೋಮೀಟರ್ ಆಸುಪಾಸಿನಲ್ಲಿ ಬಸದಿಹಳ್ಳಿ. ಆಟೊದವರು ಕೇಳುತ್ತಾರೆ, ಬೇಡ ಅನ್ನಿ. ಹತ್ತು ನಿಮಿಷದ ದಾರಿ. ಎಡಕ್ಕೆ ಬಲಕ್ಕೆ ನೋಡಿಕೊಂಡು ಹೋಗಿ. 'ಯಾವೂರು ನಿಮ್ದು?' ಅಂತ ಜಗಲಿ ಮೇಲೆ ಕೂತ ಅಜ್ಜಂದಿರು ವಿಚಾರಿಸುತ್ತಾರೆ. ದಾರಿ ಗೊತ್ತಿದ್ದರೂ ಒಂದು ಸಲ ಕೇಳಿ, ಬೋರ್ಡ್ ಹೇಳದ ಸಂಗತಿ ಅವರ ಬಾಯಲ್ಲಿ ಬರುತ್ತದೆ.

ಬಸದಿಗಳ ಆವರಣಕ್ಕೆ ಕಾಲಿಟ್ಟ ತಕ್ಷಣ ಗಲಾಟೆ ಎಲ್ಲ ನಿಂತುಹೋಗುತ್ತದೆ. ಮೂರು ಬಸದಿ ಅಕ್ಕಪಕ್ಕ: ಪಾರ್ಶ್ವನಾಥ, ನಡುವೆ ಚಿಕ್ಕದಾದ ಆದಿನಾಥ, ಆಮೇಲೆ ಶಾಂತಿನಾಥ. ಹೊರಗೋಡೆ ಬೋಳು. ಈಗಷ್ಟೇ ಹೊಯ್ಸಳೇಶ್ವರ ನೋಡಿ ಬಂದವರಿಗೆ 'ಇಷ್ಟೇನಾ' ಅನ್ನಿಸುವುದು ಸಹಜ. ಒಳಗೆ ಹೋಗಿ.

ಪಾರ್ಶ್ವನಾಥ ಬಸದಿಯ ಕಂಬಗಳಿಗೆ ಎಂಥ ನುಣುಪು ಕೊಟ್ಟಿದ್ದಾರೆ ಅಂದರೆ ಎದುರು ನಿಂತರೆ ನಿಮ್ಮ ಮುಖ ಕಾಣುತ್ತದೆ. ಅಲ್ಲಿನ ಕಾವಲಿನವರು ನಿಮ್ಮನ್ನು ಒಂದು ಜಾಗದಲ್ಲಿ ನಿಲ್ಲಿಸಿ, 'ಕೈ ಆಡಿಸಿ ನೋಡಿ ಸಾರ್' ಅನ್ನುತ್ತಾರೆ. ಒಂದೇ ಕಂಬದಲ್ಲಿ ನಿಮ್ಮ ಪ್ರತಿಬಿಂಬ ಒಂದು ಕಡೆ ಉದ್ದ, ಇನ್ನೊಂದು ಕಡೆ ಗಿಡ್ಡ. ಬಳೆಯಂಥ ಸುತ್ತುಗಳಲ್ಲಿ ಒಂದು ತಲೆ ಕೆಳಗಾಗಿ, ಪಕ್ಕದ್ದು ನೆಟ್ಟಗೆ. ಎಂಟುನೂರು ತೊಂಬತ್ತು ವರ್ಷದ ಹಿಂದೆ ಮಾಡಿದ ಪಾಲಿಶ್ ಇದು. ಗರ್ಭಗುಡಿಯಲ್ಲಿ ಕಪ್ಪು ಕಲ್ಲಿನ ಪಾರ್ಶ್ವನಾಥ, ತಲೆಯ ಮೇಲೆ ಹಾವಿನ ಹೆಡೆ. ನೀವು ಎಷ್ಟು ಹಿಂದೆ ಸರಿದರೂ ಕತ್ತು ಎತ್ತಲೇಬೇಕು, ಅಷ್ಟು ಎತ್ತರ.

ಇದನ್ನು 1133ರಲ್ಲಿ ಕಟ್ಟಿಸಿದ್ದು ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ, ಅಪ್ಪನ ನೆನಪಿಗೆ. ಶಾಸನದಲ್ಲಿ ಒಂದು ಚೆಂದದ ಕಥೆ ಇದೆ. ಪ್ರತಿಷ್ಠೆಯ ಪ್ರಸಾದ ತೆಗೆದುಕೊಂಡು ಅರ್ಚಕರು ಬಂಕಾಪುರದಲ್ಲಿದ್ದ ರಾಜನ ಹತ್ತಿರ ಹೋದರು. ಅದೇ ಹೊತ್ತಿಗೆ ರಾಜನಿಗೆ ಯುದ್ಧದಲ್ಲಿ ಗೆಲುವಾಗಿತ್ತು, ಗಂಡು ಮಗುವೂ ಹುಟ್ಟಿತ್ತು. ಖುಷಿಯಾಗಿ ದೇವರಿಗೆ ವಿಜಯ ಪಾರ್ಶ್ವ ಅಂತಲೂ ಮಗನಿಗೆ ವಿಜಯ ನರಸಿಂಹ ಅಂತಲೂ ಹೆಸರಿಟ್ಟ. ರಾಜ ವಿಷ್ಣು ಭಕ್ತ, ರಾಣಿ ಶಾಂತಲೆ ಜೈನಳು, ಊರಿನ ದೊಡ್ಡ ಗುಡಿ ಶಿವನದು. ಇವೆಲ್ಲ ಹತ್ತು ನಿಮಿಷ ನಡಿಗೆಯ ಒಳಗೆ. ಕಾರಲ್ಲಿ ಬಂದರೆ ಮೂರು ಬೇರೆ ಬೇರೆ 'ಸ್ಪಾಟ್' ಆಗಿಬಿಡುತ್ತವೆ. ನಡೆದಾಗಲೇ ಒಂದೇ ಊರಿನ ಅಕ್ಕಪಕ್ಕದ ಬೀದಿ ಅಂತ ಅನ್ನಿಸುವುದು.

ಹೆಜ್ಜೆ 4: ಕೇದಾರೇಶ್ವರ

ಬಸದಿಯಿಂದ ಹೊರಬಂದು ಪೂರ್ವಕ್ಕೆ ತಿರುಗಿದರೆ ಐದಾರು ನಿಮಿಷದಲ್ಲಿ ಕೇದಾರೇಶ್ವರ ದೇವಸ್ಥಾನ. ಇಮ್ಮಡಿ ವೀರಬಲ್ಲಾಳ ಮತ್ತು ಅವನ ರಾಣಿ ಅಭಿನವ ಕೇತಲದೇವಿ 1219ರ ಸುಮಾರಿಗೆ ಕಟ್ಟಿಸಿದ್ದು. ಅಂದರೆ ಹೊಯ್ಸಳೇಶ್ವರಕ್ಕಿಂತ ಸುಮಾರು ನೂರು ವರ್ಷ ಚಿಕ್ಕದು. ಮೂರು ಗರ್ಭಗುಡಿಯ ತ್ರಿಕೂಟ. ಬಾಗಿಲು ಹಾಕಿರುವುದೇ ಹೆಚ್ಚು. ಬೇಜಾರಾಗಬೇಡಿ, ನೋಡಬೇಕಾದದ್ದು ಹೊರಗೇ ಇದೆ.

ಗೋಪುರ ಎಲ್ಲಿ ಅಂತ ಕೇಳಬಹುದು. ಗೋಪುರದ ಕಲ್ಲುಗಳ ನಡುವೆ ಒಂದು ಆಲದ ಬೀಜ ಮೊಳೆತು ಮರವಾಯಿತು. ಬೇರು ಕಲ್ಲುಗಳನ್ನು ಸರಿಸುತ್ತಾ ಹೋಗಿ, ಕೊನೆಗೆ 19ನೇ ಶತಮಾನದಲ್ಲಿ ಕುಸಿಯಿತು. ಆಮೇಲೆ ಸಿಕ್ಕ ಕಲ್ಲುಗಳನ್ನು ಮತ್ತೆ ಜೋಡಿಸಿ ನಿಲ್ಲಿಸಿದರು. ಗಮನವಿಟ್ಟು ನೋಡಿದರೆ ಗೋಡೆಯಲ್ಲಿ ಅಲ್ಲಲ್ಲಿ ಕೆತ್ತನೆ ಇಲ್ಲದ ಖಾಲಿ ಕಲ್ಲು ಕಾಣುತ್ತದೆ. 1311ರಲ್ಲಿ ದೆಹಲಿ ಸುಲ್ತಾನನ ಸೇನಾಪತಿ ಮಲಿಕ್ ಕಾಫರ್ ದಂಡೆತ್ತಿ ಬಂದ, ಆಮೇಲೆ ತುಘಲಕ್ ಸೈನ್ಯ ಬಂತು, ಊರು ಹಾಳಾಯಿತು ಅಂತ ಗೈಡುಗಳು ಹೇಳುವುದು ನಿಜವೇ. ಆದರೆ ಇಲ್ಲಿ ನೋಡಿ, ಈ ಗುಡಿಯನ್ನು ಬೀಳಿಸಿದ್ದು ಒಂದು ಮರ.

ನೆರಳಿದೆ, ಹುಲ್ಲಿದೆ, ಜನ ಕಡಿಮೆ. ಕಾಲು ಚಾಚಿ ಕೂರಲು ಇಡೀ ಹಳೇಬೀಡಿನಲ್ಲಿ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ.

ಹೆಜ್ಜೆ 5: ಕಾಲಿಗೆ ಶಕ್ತಿ ಇದ್ದರೆ ಹುಲಿಕೆರೆ

ಇಲ್ಲಿಗೆ ಮಧ್ಯಾಹ್ನ ಹತ್ತಿರ ಬಂದಿರುತ್ತದೆ. ಮುಂದಿನ ದಾರಿ ಕಾಲಿಗೂ ಬಿಸಿಲಿಗೂ ಬಿಟ್ಟದ್ದು. ಕೇದಾರೇಶ್ವರದಿಂದ ಸುಮಾರು ಎರಡು ಕಿಲೋಮೀಟರ್ ದೂರದಲ್ಲಿ ಹುಲಿಕೆರೆ ಗ್ರಾಮ. ಅಲ್ಲಿನ ಕಲ್ಯಾಣಿ ನೋಡಲೇಬೇಕಾದ್ದು. ಹಳ್ಳಿ ದಾರಿ, ಹೊಲಗಳ ನಡುವೆ. ನಡೆಯಲು ಕಷ್ಟವಾದರೆ ಇಲ್ಲಿ ಆಟೊ ಹಿಡಿದರೆ ಯಾರೂ ಏನೂ ಅನ್ನುವುದಿಲ್ಲ, ಹೋಗಿ ಬರುವುದಕ್ಕೆ ಸೇರಿಸಿ ಮಾತಾಡಿ.

ಮೇಲಿನಿಂದ ನೋಡಿದರೆ ಮೆಟ್ಟಿಲು ಮೆಟ್ಟಿಲಾಗಿ ಕೆಳಗಿಳಿಯುವ ಚೌಕ. ಮೆಟ್ಟಿಲುಗಳ ನಡುವೆ ಸುತ್ತಲೂ ಪುಟ್ಟ ಪುಟ್ಟ ಗುಡಿಗಳು, ಒಟ್ಟು 27. ಇಳಿಯುವಾಗ ಹುಷಾರು, ನೀರಿನ ಹತ್ತಿರದ ಮೆಟ್ಟಿಲಿಗೆ ಪಾಚಿ ಕಟ್ಟಿರುತ್ತದೆ. ಮಕ್ಕಳ ಕೈ ಬಿಡಬೇಡಿ.

ಪುಷ್ಪಗಿರಿ ಬೆಟ್ಟ ಕೂಡ ಹಳೇಬೀಡಿನಿಂದ ದೂರವಿಲ್ಲ, ಮೇಲೆ ಮಲ್ಲಿಕಾರ್ಜುನ ದೇವಸ್ಥಾನ. ಆದರೆ ಒಂದೇ ದಿನಕ್ಕೆ ಎರಡನ್ನೂ ತುರುಕಬೇಡಿ. ಹುಲಿಕೆರೆಯೋ ಪುಷ್ಪಗಿರಿಯೋ, ಒಂದು ಆರಿಸಿಕೊಳ್ಳಿ. ನನ್ನ ಓಟು ಹುಲಿಕೆರೆಗೆ.

ಹೆಜ್ಜೆ 6: ಊಟ, ವಿಶ್ರಾಂತಿ

ವಾಪಸ್ ಬಸ್ ಸ್ಟ್ಯಾಂಡ್ ಕಡೆ ಬನ್ನಿ. ಅನ್ನ ಸಾರಿನ ಊಟ ಎಲ್ಲ ಹೋಟೆಲಲ್ಲೂ ಇರುತ್ತದೆ. ಮುದ್ದೆ ಸಿಗುವ ಕಡೆ ಕೇಳಿಕೊಂಡು ಹೋಗಿ, ಚಳಿಗಾಲವಾದರೆ ಅವರೆಕಾಳು ಸಾರು ಇದೆಯಾ ಅಂತ ವಿಚಾರಿಸಿ. ಊಟ ಆದ ಮೇಲೆ ಒಂದು ಎಳನೀರು. 1 ಗಂಟೆಯಿಂದ 3ರವರೆಗೆ ಬಿಸಿಲಲ್ಲಿ ಓಡಾಡಿ ಸಾಧಿಸುವಂಥದ್ದು ಏನೂ ಇಲ್ಲ. ರೂಮು ಇದ್ದರೆ ಮಲಗಿ, ಇಲ್ಲದಿದ್ದರೆ ದೇವಸ್ಥಾನದ ಮುಂದಿನ ಹುಲ್ಲು ಇದ್ದೇ ಇದೆ.

ಹೆಜ್ಜೆ 7: ಮೂರೂವರೆ ಮೇಲೆ ಪಶ್ಚಿಮದ ಗೋಡೆ

ಈಗ ಅಸಲಿ ಕೆಲಸ. ಇಳಿಬಿಸಿಲು ಪಶ್ಚಿಮದ ಗೋಡೆಗೆ ಓರೆಯಾಗಿ ಬೀಳುತ್ತದೆ. ಬೆಳಗ್ಗೆ ಮಂಕಾಗಿದ್ದ ಕೆತ್ತನೆಗಳೆಲ್ಲ ಎದ್ದು ನಿಲ್ಲುತ್ತವೆ.

ಶುರು ಮಾಡಬೇಕಾದ್ದು ಎಲ್ಲಿಂದ ಗೊತ್ತಾ? ದಕ್ಷಿಣದ ಬಾಗಿಲಿನ ಎಡಗಡೆಯಿಂದ. ಅಲ್ಲೊಬ್ಬ ಕುಣಿಯುವ ಗಣಪತಿ ಇದ್ದಾನೆ. ಅವನಿಂದ ಹೊರಟು ಗೋಡೆಯನ್ನು ಬಲಕ್ಕೆ ಇಟ್ಟುಕೊಂಡು ಪಶ್ಚಿಮ ಸುತ್ತಿ ಉತ್ತರದ ಬಾಗಿಲಿಗೆ ಬಂದರೆ ಅಲ್ಲಿ ಇನ್ನೊಬ್ಬ ಗಣಪತಿ. ಗಣಪತಿಯಿಂದ ಗಣಪತಿವರೆಗೆ ದೊಡ್ಡ ವಿಗ್ರಹಗಳೇ 240ರಷ್ಟು. ಉತ್ತರದ ಗೇಟಿನಿಂದ ಬಂದು ಕಂಡ ಕಂಡ ಕಡೆ ನೋಡಿದರೆ ಸಾಲು ಹಿಂದುಮುಂದಾಗುತ್ತದೆ.

ಒಂದೇ ಸುತ್ತಿನಲ್ಲಿ ಎಲ್ಲ ನೋಡುತ್ತೇನೆ ಅಂತ ಹೊರಟರೆ ಹತ್ತನೇ ವಿಗ್ರಹಕ್ಕೆ ತಲೆ ಕೆಟ್ಟುಹೋಗುತ್ತದೆ. ಎರಡು ಸುತ್ತು ಮಾಡಿ.

ಮೊದಲ ಸುತ್ತು ಕೆಳಗಿನ ಪಟ್ಟಿಗಳಿಗೆ. ಗೋಡೆಯ ಬುಡದಿಂದ ಎಂಟು ಸಾಲು: ಆನೆ, ಸಿಂಹ, ಬಳ್ಳಿ, ಕುದುರೆ ಸವಾರರು, ಮತ್ತೆ ಬಳ್ಳಿ, ಕಥೆ, ಮಕರ, ಹಂಸ. ಭಾರ ಹೊರುವ ಆನೆ ಕೆಳಗೆ, ಹಗುರ ಹಂಸ ಮೇಲೆ. ಆನೆಗಳ ಮುಂದೆ ಒಂದು ಕಡೆ ಕೂತುಬಿಡಿ. ಒಂದು ಸೊಂಡಿಲು ಮಡಚಿದೆ, ಇನ್ನೊಂದು ಮುಂದಿನದರ ಬಾಲ ಎಳೆಯುತ್ತಿದೆಯೇನೋ ಅನ್ನಿಸುತ್ತದೆ. ಆರನೇ ಸಾಲು ಕಥೆಯದು, ಬಗ್ಗದೆಯೇ ನೋಡುವ ಎತ್ತರದಲ್ಲಿದೆ. ರಾಮಾಯಣ, ಮಹಾಭಾರತ, ಭಾಗವತ ಎಲ್ಲ ಅಂಗೈ ಅಗಲದ ಪಟ್ಟಿಯಲ್ಲಿ. ಅಭಿಮನ್ಯುವಿನ ಚಕ್ರವ್ಯೂಹ ಹುಡುಕಿ. ಸುರುಳಿ ಸುತ್ತಿದ ಸೈನ್ಯ, ಒಳಗೆ ಸಿಕ್ಕಿಕೊಂಡ ಹುಡುಗ. ಶರಶಯ್ಯೆಯ ಮೇಲೆ ಮಲಗಿದ ಭೀಷ್ಮನೂ ಸಿಗುತ್ತಾನೆ. ಮಕ್ಕಳಿಗೆ ಇದನ್ನು ಹುಡುಕುವ ಆಟ ಮಾಡಿಬಿಟ್ಟರೆ ಅವರೇ ನಿಮ್ಮನ್ನು ಎಳೆದುಕೊಂಡು ಹೋಗುತ್ತಾರೆ.

ಎರಡನೇ ಸುತ್ತು ದೊಡ್ಡ ವಿಗ್ರಹಗಳಿಗೆ. ಎಲ್ಲ ಬೇಡ, ನಾಲ್ಕೈದು ಸಾಕು. ಕೈಲಾಸ ಎತ್ತುತ್ತಿರುವ ರಾವಣನ ಮುಂದೆ ಜಾಸ್ತಿ ಹೊತ್ತು ನಿಲ್ಲಿ. ಬೆಟ್ಟದ ಮೇಲೆ ಮಹಡಿ ಮಹಡಿಯಾಗಿ ದೇವತೆಗಳು, ಪ್ರಾಣಿಗಳು, ಮರಗಳು; ಕೆಳಗೆ ಮಂಡಿ ಊರಿ ಅಷ್ಟನ್ನೂ ಹೊತ್ತ ರಾವಣ. ಗೋವರ್ಧನ ಎತ್ತಿದ ಕೃಷ್ಣನನ್ನು ಅದರ ಜೊತೆ ಹೋಲಿಸಿ ನೋಡಿ. ಇಬ್ಬರೂ ಬೆಟ್ಟ ಎತ್ತಿದ್ದಾರೆ, ಒಬ್ಬನ ಮೈಯೆಲ್ಲ ಬಿಗಿ, ಇನ್ನೊಬ್ಬನಿಗೆ ಅದು ಲೆಕ್ಕಕ್ಕೇ ಇಲ್ಲ. ಗಜಾಸುರನ ಚರ್ಮ ಸುಲಿದು ಕುಣಿಯುವ ಶಿವ, ಹಿರಣ್ಯಕಶಿಪುವಿನ ಕರುಳು ಬಗೆಯುವ ನರಸಿಂಹ, ಕಾಲೆತ್ತಿದ ತ್ರಿವಿಕ್ರಮ. ಇವಿಷ್ಟಾದರೆ ಸಾಕು. ಹಾರಗಳನ್ನು ಪಕ್ಕದಿಂದ ನೋಡಿ. ಮೈಗೆ ಅಂಟಿಕೊಂಡಿಲ್ಲ, ಹಿಂದೆ ಕೊರೆದು ಬಿಡಿಸಿದ್ದಾರೆ.

ಫೋಟೊ ತೆಗೆಯುವವರಿಗೆ: ಫ್ಲ್ಯಾಶ್ ಬೇಡ, ನೇರ ಎದುರಿನಿಂದ ಬೇಡ. ಸ್ವಲ್ಪ ಓರೆಯಾಗಿ ನಿಂತರೆ ನೆರಳು ಸಿಕ್ಕಿ ಕೆತ್ತನೆಯ ಆಳ ಬರುತ್ತದೆ.

ಇನ್ನೊಂದು ದಿನ ಇದ್ದರೆ

ಹಳೇ ಅರಮನೆ ಬಯಲು ಮತ್ತು ಬೆಣ್ಣೆಗುಡ್ಡದ ಕಡೆ ಹೋಗಬಹುದು. ಅಲ್ಲಿ ನೋಡಲು ಸಿಗುವುದು ದಿಬ್ಬ, ತಳಪಾಯದ ಕಲ್ಲು, ಕೋಟೆಯ ತುಣುಕು. ನಗರೇಶ್ವರ ಅಂತ ಕರೆಯುವ ಜಾಗದಲ್ಲಿ ಪುರಾತತ್ವ ಇಲಾಖೆ ಮಣ್ಣು ಅಗೆದು ಗುಡಿಗಳ ಬುಡ ಹೊರತೆಗೆದಿದೆ. ಶಿಲ್ಪ ನೋಡಲೆಂದೇ ಬಂದವರಿಗೆ ಬೇಜಾರಾದೀತು, ಊರು ಹೇಗಿತ್ತು ಅನ್ನುವ ಕುತೂಹಲ ಇದ್ದವರಿಗೆ ಇಷ್ಟವಾಗುತ್ತದೆ. ಊರಿನವರನ್ನು ದಾರಿ ಕೇಳಿಕೊಂಡು, ಬೆಳಗಿನ ಹೊತ್ತೇ ಹೋಗಿ. ಹೊಲದಲ್ಲಿ ಬೆಳೆ ಇದ್ದರೆ ಬದು ಹಿಡಿದು ನಡೆಯಿರಿ, ಕೆತ್ತಿದ ಕಲ್ಲು ಬಿದ್ದಿದ್ದು ಕಂಡರೆ ಇದ್ದಲ್ಲೇ ಬಿಡಿ.

ಬೇಲೂರಿಗೆ ಹೋಗುವುದಾದರೆ ಅದಕ್ಕೂ ಅರ್ಧ ದಿನ ಬೇಕು. ಬೆಳವಾಡಿಯ ವೀರನಾರಾಯಣ ಚಿಕ್ಕಮಗಳೂರು ಜಿಲ್ಲೆಗೆ ಸೇರಿದ್ದರೂ ಇಲ್ಲಿಗೆ ಹತ್ತಿರ, ಹತ್ತು ಹನ್ನೆರಡು ಕಿಲೋಮೀಟರ್ ಅಷ್ಟೆ. ಹಾಸನಕ್ಕೆ ಅದೇ ದಿನ ವಾಪಸ್ ಹೋಗುವವರು ಕೊನೆಯ ಬಸ್ಸು ಎಷ್ಟು ಹೊತ್ತಿಗೆ ಅಂತ ಬೆಳಗ್ಗೆ ಇಳಿದ ಕೂಡಲೇ ಕಂಡಕ್ಟರನ್ನು ಕೇಳಿಟ್ಟುಕೊಳ್ಳಿ. ಪಶ್ಚಿಮದ ಗೋಡೆ ಮುಂದೆ ಗಡಿಯಾರ ನೋಡುವುದು ಯಾರಿಗೂ ನೆನಪಿರುವುದಿಲ್ಲ.